ಇಂಗ್ಲಿಷ್ ಸೆಟರ್: ಬಯಲಿಗೂ ಮನೆಗೂ ಒಂದೇ ನಾಯಿಯನ್ನು ಬೆಳೆಸುವ ಬಗೆ

ಇಂಗ್ಲಿಷ್ ಸೆಟರ್ ಮರಿಯನ್ನು ಮನೆಗೆ ತರುವವರಲ್ಲಿ ಬಹಳಷ್ಟು ಮಂದಿ ಆ ನಾಯಿಯ ಅರ್ಧವನ್ನಷ್ಟೇ ಕಂಡಿರುತ್ತಾರೆ. ರೇಷ್ಮೆಯಂಥ ಬಿಳಿ ರೋಮ, ಅದರ ಮೇಲೆ ಎರಚಿದಂತಿರುವ ಕಪ್ಪು ಅಥವಾ ಕಿತ್ತಳೆ ಚುಕ್ಕೆಗಳು, ಮಡಿಲಲ್ಲಿ ತಲೆಯಿಟ್ಟು ಮಲಗುವ ಸ್ವಭಾವ, ಇಷ್ಟನ್ನು ನೋಡಿ ತಂದವರು ಅದು ಏಳೆಂಟು ತಿಂಗಳಾಗುವಷ್ಟರಲ್ಲಿ ಗಾಳಿಯಲ್ಲಿ ಹಕ್ಕಿಯ ವಾಸನೆ ಹಿಡಿದು, ಕರೆದರೂ ತಿರುಗದೆ ಬಯಲಿನ ಆ ತುದಿಗೆ ಓಡಿದಾಗ ಕಂಗಾಲಾಗುತ್ತಾರೆ. ಬೇಟೆಗೆಂದೇ ತಂದ ಕೆಲವರು ಅದನ್ನು ಗೂಡಿನಲ್ಲಿ ಒಂಟಿಯಾಗಿ ಇರಿಸಿ, ಬಯಲಿಗಿಳಿದಾಗ ಅದು ತಮ್ಮತ್ತ ತಿರುಗಿಯೂ ನೋಡುವುದಿಲ್ಲವೆಂದು ದೂರುತ್ತಾರೆ. ಈ ಎರಡು ತೊಂದರೆಗಳ ಬೇರು ಒಂದೇ. ಮನುಷ್ಯನ ಜೊತೆಗೂಡಿ ಕೆಲಸ ಮಾಡಬೇಕೆಂಬ ಆಸೆಯೇ ಈ ತಳಿಯ ಬೇಟೆಯ ಗುಣಕ್ಕೂ ಮನೆಯ ಗುಣಕ್ಕೂ ಆಧಾರ. ಆ ಆಸೆಯನ್ನು ಮರಿಯ ವಯಸ್ಸಿನಿಂದಲೇ ಕಾಪಾಡಿಕೊಂಡು ಬಂದವರಿಗೆ ಮುಂದಿನ ಪಾಠಗಳೆಲ್ಲ ಸುಲಭವಾಗುತ್ತವೆ. ಅದನ್ನು ಬೈಗುಳದಿಂದಲೋ ಒಂಟಿತನದಿಂದಲೋ ಮುರಿದವರಿಗೆ ಯಾವ ತರಬೇತಿಯೂ ಕೈಹಿಡಿಯುವುದಿಲ್ಲ.

ಮೊದಲು, ನಾಯಿ ಯಾವ ಕೆಲಸಕ್ಕೆ ರೂಪುಗೊಂಡಿತೆಂದು ತಿಳಿಯಿರಿ

ಹಾರುವ ಹಕ್ಕಿಗೆ ಗುಂಡು ಹೊಡೆಯುವ ರೂಢಿ ಬರುವುದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಕೌಜುಗಗಳನ್ನು ಬಲೆಯಿಂದ ಹಿಡಿಯುತ್ತಿದ್ದರು. ಗಾಳಿಯಲ್ಲಿ ವಾಸನೆ ಹಿಡಿದ ನಾಯಿ ಹಕ್ಕಿಗಳ ಸನಿಹಕ್ಕೆ ಸದ್ದಿಲ್ಲದೆ ಹೋಗಿ, ಹೊಟ್ಟೆ ನೆಲಕ್ಕೆ ತಾಗುವಂತೆ ತಗ್ಗಿ ಕೂರುತ್ತಿತ್ತು. ಬೇಟೆಗಾರರು ಅದು ತೋರಿದ ಕಡೆಗೆ ಬಲೆಯನ್ನು ಹರಡಿ, ಕೆಲವೊಮ್ಮೆ ನಾಯಿಯನ್ನೂ ಸೇರಿಸಿಯೇ, ಹಕ್ಕಿಗಳನ್ನು ಮುಚ್ಚುತ್ತಿದ್ದರು. ಹೀಗೆ ತಗ್ಗಿ ಕೂರುವ ಕ್ರಿಯೆಯಿಂದಲೇ ‘ಸೆಟರ್’ ಎಂಬ ಹೆಸರು ಬಂತು. ವೈದ್ಯ ಜಾನ್ ಕೀಸ್ 1570ರಲ್ಲಿ ಬ್ರಿಟನ್ನಿನ ನಾಯಿಗಳ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಬರೆದಾಗಲೇ ಇಂಥ ನಾಯಿಯ ಕೆಲಸವನ್ನು ವರ್ಣಿಸಿದ್ದಾರೆ. ಇಂದಿಗೂ ಒಳ್ಳೆಯ ಸೆಟರ್ ಹಕ್ಕಿಯ ವಾಸನೆ ಗಾಢವಾದಂತೆ ಭುಜ ತಗ್ಗಿಸಿ ಬೆಕ್ಕಿನಂತೆ ಹೆಜ್ಜೆಯಿಡುತ್ತದೆ. ಮೈ ಎತ್ತರಿಸಿ ಕಲ್ಲಿನಂತೆ ನಿಲ್ಲುವ ಪಾಯಿಂಟರ್ ನಾಯಿಯನ್ನು ನೋಡಿ ಅಭ್ಯಾಸವಾದವರು ಇದನ್ನು ಅಂಜಿಕೆಯೆಂದು ತಪ್ಪು ತಿಳಿಯುವುದುಂಟು. ಅದು ಅಂಜಿಕೆಯಲ್ಲ, ರಕ್ತಗತವಾಗಿ ಬಂದ ಶೈಲಿ.

ಈಗ ನಾವು ಕಾಣುವ ಇಂಗ್ಲಿಷ್ ಸೆಟರ್‌ಗೆ ರೂಪ ಕೊಟ್ಟವರು 19ನೆಯ ಶತಮಾನದ ಎಡ್ವರ್ಡ್ ಲ್ಯಾವರಾಕ್. ಅವರು 1825ರ ಸುಮಾರಿಗೆ ಪಾಂಟೋ ಮತ್ತು ಓಲ್ಡ್ ಮಾಲ್ ಎಂಬ ಜೋಡಿಯಿಂದ ತಮ್ಮ ವಂಶವನ್ನು ಆರಂಭಿಸಿ, ಬಹಳ ಹತ್ತಿರದ ಸಂಬಂಧದಲ್ಲೇ ಮರಿ ಮಾಡಿಸುತ್ತ ಹೋದರು. ಮುಂದೆ ಪರ್ಸೆಲ್ ಲೆವೆಲಿನ್ ಅವರು ಲ್ಯಾವರಾಕ್ ನಾಯಿಗಳನ್ನು ಬೇರೆ ಬೇಟೆಯ ವಂಶಗಳೊಂದಿಗೆ ಬೆರೆಸಿ, ವೇಗವೂ ದಣಿಯದ ಶಕ್ತಿಯೂ ಉಳ್ಳ ನಾಯಿಗಳನ್ನು ಬೆಳೆಸಿದರು. ಅವುಗಳಲ್ಲಿ ಹಲವು ಅಮೆರಿಕಕ್ಕೆ ಹೋಗಿ ಅಲ್ಲಿನ ಹಕ್ಕಿ ಬೇಟೆಯಲ್ಲಿ ಹೆಸರು ಮಾಡಿದವು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನಡೆದ, ಆಧುನಿಕ ಶ್ವಾನ ಪ್ರದರ್ಶನಗಳ ಆರಂಭವೆಂದು ಗುರುತಿಸಲಾಗುವ ಪ್ರದರ್ಶನದಲ್ಲಿ ಪಾಯಿಂಟರ್ ಮತ್ತು ಸೆಟರ್‌ಗಳಿಗೆ ಮಾತ್ರ ಪ್ರವೇಶವಿತ್ತು. ಅಲ್ಲಿಂದಾಚೆಗೆ ಪ್ರದರ್ಶನದ ವಂಶ, ಬಯಲಿನ ವಂಶ ಎಂದು ತಳಿ ಎರಡು ದಾರಿ ಹಿಡಿಯಿತು. ಈ ಚರಿತ್ರೆಯನ್ನು ಇಷ್ಟು ಹೇಳಲು ಕಾರಣವಿದೆ: ಮರಿಯನ್ನು ಆರಿಸುವಾಗ ನೀವು ಎದುರಿಸುವ ಮೊದಲ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ.

ಎರಡನೆಯದು, ಯಾವ ವಂಶ ಬೇಕೆಂದು ನಿರ್ಧರಿಸಿ

ಪ್ರದರ್ಶನದ ವಂಶದ ನಾಯಿಗಳು ದೊಡ್ಡವು. ಅವುಗಳಿಗೆ ಕಿವಿ, ಎದೆ, ಕಾಲುಗಳ ಹಿಂಬದಿ ಮತ್ತು ಬಾಲದಲ್ಲಿ ಜಾಲರಿನಂತೆ ಇಳಿಬಿದ್ದ ಉದ್ದ ರೋಮವಿರುತ್ತದೆ. ತಳಿಯ ಮಾನದಂಡದಲ್ಲಿ ಗಂಡಿನ ಎತ್ತರ 65ರಿಂದ 68 ಸೆಂಟಿಮೀಟರ್, ಹೆಣ್ಣಿನದು 61ರಿಂದ 65 ಸೆಂಟಿಮೀಟರ್ ಎಂದಿದೆ. ಬಯಲಿನ ವಂಶದವು ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕವು, ಹಗುರ, ರೋಮ ಕಡಿಮೆ, ಓಟ ಹೆಚ್ಚು. ವಾರಕ್ಕೊಮ್ಮೆ ಬಯಲಿಗೆ ಹೋಗುವ, ಉಳಿದ ದಿನಗಳಲ್ಲಿ ಬೆಳಿಗ್ಗೆ ಸಂಜೆ ನಡೆಸಬಲ್ಲ ಕುಟುಂಬಕ್ಕೆ, ಎರಡೂ ವಂಶಗಳ ರಕ್ತ ಬೆರೆತಿರುವ ಅಥವಾ ಬಯಲಿನಲ್ಲಿ ಕೆಲಸ ಮಾಡಿಯೂ ಮನೆಯೊಳಗೆ ಮಲಗುವ ತಂದೆತಾಯಿಗಳ ಮರಿ ಸರಿಹೊಂದುತ್ತದೆಂಬುದು ನನ್ನ ಅಭಿಪ್ರಾಯ. ಸ್ಪರ್ಧೆಗೆಂದೇ ತಲೆಮಾರುಗಳಿಂದ ಆರಿಸಿದ ವಂಶದ ನಾಯಿಗೆ ದಿನವೂ ಬಹುದೂರ ಓಡುವ ಹಸಿವಿರುತ್ತದೆ. ಅದನ್ನು ಚಿಕ್ಕ ಅಂಗಳದಲ್ಲಿ ಸಾಕುವುದು ನಾಯಿಗೂ ಮನೆಯವರಿಗೂ ಕಷ್ಟ.

ಇದೇ ಹಂತದಲ್ಲಿ ಸಮಯದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಿಕೊಳ್ಳಿ. ಬೆಳೆದ ಸೆಟರ್‌ಗೆ ದಿನಕ್ಕೆ ಸುಮಾರು ಎರಡು ಗಂಟೆಯ ಚಲನೆ ಬೇಕು, ಅದರಲ್ಲಿ ಸ್ವಲ್ಪ ಹೊತ್ತಾದರೂ ಹಗ್ಗವಿಲ್ಲದೆ ಸುರಕ್ಷಿತ ಜಾಗದಲ್ಲಿ ಓಡುವಂತಿರಬೇಕು. ಇಡೀ ಹಗಲು ಮನೆ ಬೀಗ ಹಾಕಿರುವ ಕುಟುಂಬಕ್ಕೆ ಈ ನಾಯಿ ತಕ್ಕುದಲ್ಲ. ಇದು ಒಂಟಿತನವನ್ನು ತಾಳುವುದಿಲ್ಲ. ಬೊಗಳಿ, ಅಗೆದು, ಬಾಗಿಲು ಕೆರೆದು ತನ್ನ ಸಂಕಟವನ್ನು ತೋರಿಸುತ್ತದೆ.

ಮೂರನೆಯದು, ಮರಿಯನ್ನು ಆರಿಸುವಾಗ ಕೇಳಬೇಕಾದದ್ದು

ಇಂಗ್ಲಿಷ್ ಸೆಟರ್ ಮರಿಗಳು ಹುಟ್ಟುವಾಗ ಬಹುಪಾಲು ಬಿಳಿಯಾಗಿರುತ್ತವೆ. ‘ಬೆಲ್ಟನ್’ ಎಂದು ಕರೆಯುವ ಚುಕ್ಕೆಗಳು ವಾರಗಳು ಕಳೆದಂತೆ ಮೂಡುತ್ತವೆ. ಕಪ್ಪು ಚುಕ್ಕೆಯದು ನೀಲಿ ಬೆಲ್ಟನ್, ಉಳಿದವು ಕಿತ್ತಳೆ, ನಿಂಬೆ, ಕಂದು ಬೆಲ್ಟನ್. ಕಪ್ಪು ಚುಕ್ಕೆಯ ಜೊತೆ ಕಂದುಬಣ್ಣವೂ ಸೇರಿದರೆ ತ್ರಿವರ್ಣ. ಆದ್ದರಿಂದ ಎಳೆಯ ಮರಿಯ ಬಣ್ಣ ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ಆರೋಗ್ಯ ಮತ್ತು ಸ್ವಭಾವ.

ಬಿಳಿ ಬಣ್ಣಕ್ಕೆ ಕಾರಣವಾದ ಅನುವಂಶೀಯತೆಯೊಂದಿಗೆ ಹುಟ್ಟು ಕಿವುಡುತನದ ನಂಟಿದ್ದು, ಈ ತಳಿಯಲ್ಲಿ ಅದು ಕಂಡುಬರುತ್ತದೆ. ಎರಡೂ ಕಿವಿ ಕೇಳದ ಮರಿಯನ್ನು ಗುರುತಿಸಬಹುದು. ಒಂದೇ ಕಿವಿ ಕೇಳದ ಮರಿ ಚಪ್ಪಾಳೆಗೆ ತಿರುಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕಿವಿಯಿಂದ ಮಿದುಳಿಗೆ ಹೋಗುವ ವಿದ್ಯುತ್ ಸಂಕೇತವನ್ನು ಅಳೆಯುವ ‘ಬೇರ್’ ಪರೀಕ್ಷೆಯನ್ನು ಮರಿಗೆ ಐದಾರು ವಾರವಾದ ಮೇಲೆ ಮಾಡಿಸಬಹುದು, ಅದೊಂದೇ ಖಚಿತವಾದ ಉತ್ತರ. ದೂರದಿಂದ ಸೀಟಿಯ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯಬೇಕಾದ ಬಯಲಿನ ನಾಯಿಗೆ ಎರಡೂ ಕಿವಿ ಬೇಕು. ಇದರ ಜೊತೆಗೆ ತಂದೆತಾಯಿಗಳ ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್‌ರೇ ವರದಿ, ಥೈರಾಯ್ಡ್ ಪರೀಕ್ಷೆಯ ವರದಿ ಕೇಳಿ. ವರದಿ ತೋರಿಸಲು ಹಿಂಜರಿಯುವವರಿಂದ ಮರಿ ತರಬೇಡಿ.

ಸ್ವಭಾವ ಅಳೆಯಲು ತಾಯಿಯೇ ಅಳತೆಗೋಲು. ಅಪರಿಚಿತರು ಬಂದಾಗ ತಾಯಿ ಬಾಲವಾಡಿಸಿ ಹತ್ತಿರ ಬರುತ್ತದೆಯೇ, ಮರಿಗಳನ್ನು ಮುಟ್ಟಲು ಬಿಡುತ್ತದೆಯೇ ಎಂದು ನೋಡಿ. ಮರಿಗಳ ನಡುವೆ, ಎಲ್ಲರನ್ನೂ ತುಳಿದು ಮುನ್ನುಗ್ಗುವುದನ್ನೂ ಮೂಲೆ ಹಿಡಿದು ಕೂತಿರುವುದನ್ನೂ ಬಿಟ್ಟು, ನೀವು ಎದ್ದು ನಡೆದರೆ ಹಿಂದೆ ಬಂದು, ಬಿದ್ದ ಬೀಗದ ಕೈ ಸದ್ದಿಗೆ ಬೆಚ್ಚಿದರೂ ಮರುಗಳಿಗೆಯಲ್ಲಿ ಮೂಸಲು ಬರುವ ಮರಿಯನ್ನು ಆರಿಸಿ. ಎಂಟು ವಾರ ತುಂಬುವ ಮೊದಲು ಅದನ್ನು ತಾಯಿಯಿಂದ ಬೇರ್ಪಡಿಸಬಾರದು.

ನಾಲ್ಕನೆಯದು, ಮನೆಯ ಮೊದಲ ತಿಂಗಳುಗಳು

ಎಂಟರಿಂದ ಹದಿನಾರು ವಾರಗಳವರೆಗಿನ ಕಾಲದಲ್ಲಿ ಮರಿ ಏನನ್ನು ಕಂಡು ಹಿತವೆಂದು ಕಲಿಯುತ್ತದೋ ಅದು ಬಾಳಿನುದ್ದಕ್ಕೂ ಉಳಿಯುತ್ತದೆ. ಮಕ್ಕಳು, ಮುದುಕರು, ಕೊಡೆ ಹಿಡಿದವರು, ವಾಹನಗಳು, ಪಾತ್ರೆಯ ಸದ್ದು, ಒದ್ದೆ ಹುಲ್ಲು, ಹೊಳೆಯ ನೀರು, ಎಲ್ಲವನ್ನೂ ಒಂದೊಂದಾಗಿ, ಅದರ ಧೈರ್ಯಕ್ಕೆ ತಕ್ಕಂತೆ ಪರಿಚಯಿಸಿ. ಲಸಿಕೆ ಪೂರ್ಣವಾಗುವವರೆಗೆ ಇತರ ನಾಯಿಗಳು ಓಡಾಡುವ ನೆಲಕ್ಕೆ ಇಳಿಸದೆ ಎತ್ತಿಕೊಂಡೇ ಲೋಕವನ್ನು ತೋರಿಸಬಹುದು. ಶೌಚದ ಅಭ್ಯಾಸಕ್ಕೆ ವಿಶೇಷ ವಿದ್ಯೆ ಬೇಕಿಲ್ಲ: ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ಯಿರಿ.

ಈ ತಿಂಗಳುಗಳ ಅತಿ ಮುಖ್ಯ ಪಾಠ, ಕರೆದರೆ ಬರುವುದು. ಊಟದ ತಟ್ಟೆ ಇಡುವ ಮುನ್ನ ಪ್ರತಿಸಲವೂ ಸೀಟಿಯನ್ನು ಒಂದೇ ರೀತಿಯಲ್ಲಿ, ಉದಾಹರಣೆಗೆ ನಾಲ್ಕೈದು ಕಿರುಸದ್ದುಗಳಾಗಿ ಊದಿ. ಹತ್ತು ದಿನದಲ್ಲಿ ಮರಿ ಆ ಸದ್ದಿಗೆ ಎಲ್ಲಿಂದಲಾದರೂ ಓಡಿ ಬರುತ್ತದೆ. ಆಮೇಲೆ ಮನೆಯ ಬೇರೆ ಕೋಣೆಯಿಂದ, ಅಂಗಳದಿಂದ, ಆಟದ ನಡುವಿನಿಂದ ಕರೆಯುತ್ತ ಹೋಗಿ. ಬಂದಾಗಲೆಲ್ಲ ತಿನಿಸು ಕೊಟ್ಟು, ಮತ್ತೆ ಆಟಕ್ಕೆ ಬಿಡಿ. ಕರೆದು ಹಗ್ಗ ಕಟ್ಟಿ ಮನೆಗೆ ಎಳೆದೊಯ್ಯುವುದನ್ನೇ ಪ್ರತಿಸಲ ಮಾಡಿದರೆ, ಕರೆ ಎಂದರೆ ಸಂತೋಷದ ಕೊನೆ ಎಂದು ನಾಯಿ ತಿಳಿಯುತ್ತದೆ. ತಡವಾಗಿ ಬಂದಿತೆಂದು ಎಂದಿಗೂ ಬೈಯಬೇಡಿ, ಹೊಡೆಯುವ ಮಾತಂತೂ ದೂರವೇ ಇರಲಿ. ಸೆಟರ್ ಮನಸ್ಸು ಮೃದು. ಒಂದು ಕಟು ಮಾತನ್ನು ದಿನಗಟ್ಟಲೆ ನೆನಪಿಟ್ಟು, ನಿಮ್ಮಿಂದ ಐದು ಹೆಜ್ಜೆ ದೂರದಲ್ಲೇ ನಿಲ್ಲುವುದನ್ನು ಕಲಿಯುತ್ತದೆ. ಆ ಐದು ಹೆಜ್ಜೆಯನ್ನು ಮತ್ತೆ ಅಳಿಸಲು ತಿಂಗಳುಗಳೇ ಬೇಕಾಗುತ್ತವೆ.

ಓಟದ ವಿಷಯದಲ್ಲಿ ಎಚ್ಚರವಿರಲಿ. ಎಲುಬಿನ ಬೆಳವಣಿಗೆ ಮುಗಿಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಸ್ವೇಚ್ಛೆಯ ಆಟ ಸಾಕು. ಸೈಕಲ್ ಜೊತೆಗಿನ ಓಟ, ಎತ್ತರದಿಂದ ಜಿಗಿತ, ಜಾರುವ ನೆಲದ ಮೇಲಿನ ಓಡಾಟ ಬೇಡ.

ಐದನೆಯದು, ಬಯಲಿನ ಪಾಠ

ಕೋಲಿನ ತುದಿಗೆ ದಾರದಲ್ಲಿ ಹಕ್ಕಿಯ ರೆಕ್ಕೆ ಕಟ್ಟಿ ಆಡಿಸಿದರೆ ಮೂರು ತಿಂಗಳ ಮರಿಯೂ ಮುಂಗಾಲೆತ್ತಿ ನಿಶ್ಚಲವಾಗಿ ನಿಲ್ಲುತ್ತದೆ. ನೋಡಲು ಬಲು ಚೆಂದ, ಮನೆಮಂದಿಯೆಲ್ಲ ಚಿತ್ರ ತೆಗೆಯುತ್ತಾರೆ. ಎರಡು ಮೂರು ಸಲ ಸಾಕು, ಮುಂದುವರಿಸಬೇಡಿ. ಅದು ಕಣ್ಣಿನಿಂದ ಹಿಡಿದ ನಿಲುವು. ಬಯಲಿನಲ್ಲಿ ಬೇಕಾದದ್ದು ಮೂಗಿನಿಂದ ಹಿಡಿದ ನಿಲುವು. ಕಣ್ಣಿಗೆ ಒಗ್ಗಿದ ನಾಯಿ ಹಕ್ಕಿ ಕಾಣುವವರೆಗೆ ನುಗ್ಗಿ ಅದನ್ನು ಹಾರಿಸಿಬಿಡುತ್ತದೆ.

ನಿಜವಾದ ಪಾಠವನ್ನು ಏಳೆಂಟು ತಿಂಗಳಾದ ಮೇಲೆ, ಕರೆ ಗಟ್ಟಿಯಾದ ಮೇಲೆ ತೊಡಗಬೇಕು. ಮೊದಲು ‘ನಿಲ್ಲು’. ನಡೆಯುತ್ತಿರುವಾಗ ನೀವು ನಿಂತು, ಕೈ ಎತ್ತಿ, ಸೀಟಿಯನ್ನು ಒಂದೇ ದೀರ್ಘಸದ್ದಾಗಿ ಊದಿ, ನಾಯಿ ನಿಂತ ಕ್ಷಣವೇ ಹತ್ತಿರ ಹೋಗಿ ಮೈ ಸವರಿ. ದೂರವನ್ನು ನಿಧಾನವಾಗಿ ಹೆಚ್ಚಿಸಿ. ಈ ಒಂದು ಪಾಠ ಬೇಟೆಯಲ್ಲಿ ಹಕ್ಕಿಯನ್ನು ಉಳಿಸುತ್ತದೆ, ರಸ್ತೆಯಂಚಿನಲ್ಲಿ ನಾಯಿಯ ಪ್ರಾಣವನ್ನೇ ಉಳಿಸುತ್ತದೆ. ಬಯಲನ್ನು ಎಂದೂ ನೋಡದ ಮನೆಯ ಸೆಟರ್‌ಗೂ ಇದನ್ನು ಕಲಿಸಲೇಬೇಕೆಂದು ನಾನು ಒತ್ತಾಯಿಸುವುದು ಅದಕ್ಕಾಗಿಯೇ.

ಆಮೇಲೆ ಗಾಳಿಯ ಪಾಠ. ಹತ್ತು ಮೀಟರಿನ ಹಗುರ ಹಗ್ಗ ಕಟ್ಟಿ, ಮುಖಕ್ಕೆ ಗಾಳಿ ಬೀಸುವ ದಿಕ್ಕಿಗೆ ನಡೆಯಿರಿ. ನೀವು ಎಡಕ್ಕೆ ತಿರುಗಿದರೆ ನಾಯಿಯೂ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ ನಿಮ್ಮ ಮುಂದೆ ಅಡ್ಡಹಾದು ಹೋಗುತ್ತದೆ. ತಿರುಗುವಲ್ಲೆಲ್ಲ ಎರಡು ಕಿರುಸದ್ದು ಊದಿ. ಕೆಲವು ವಾರಗಳಲ್ಲಿ ಅದು ಹಗ್ಗವಿಲ್ಲದೆಯೇ ಗಾಳಿಗೆದುರಾಗಿ, ನೇಯ್ಗೆಯ ಲಾಳಿ ಆಡಿದಂತೆ ಬಯಲನ್ನು ಈ ಅಂಚಿನಿಂದ ಆ ಅಂಚಿಗೆ ಹಾಯುತ್ತದೆ. ಗಾಳಿಗೆ ಬೆನ್ನು ಮಾಡಿ ಬಿಟ್ಟರೆ ಹಕ್ಕಿಯ ವಾಸನೆ ಸಿಗುವ ಹೊತ್ತಿಗೆ ನಾಯಿ ಅದರ ಮೇಲೆಯೇ ಇರುತ್ತದೆ, ತಪ್ಪು ಅದರದಲ್ಲ.

ನಾಯಿ ಮೊದಲ ಬಾರಿಗೆ ಹಕ್ಕಿಯ ಎದುರು ನಿಂತಾಗ ಓಡಿ ಹೋಗಬೇಡಿ, ಕೂಗಬೇಡಿ. ಬದಿಯಿಂದ ಶಾಂತವಾಗಿ ನಡೆದು ಹೋಗಿ, ಎದೆಯ ಬದಿಯನ್ನು ನಿಧಾನವಾಗಿ ಸವರಿ, ಹಗ್ಗದ ಮೇಲೆ ಕಾಲಿಟ್ಟು ನಿಂತು, ಹಕ್ಕಿಯನ್ನು ನೀವೇ ಎಬ್ಬಿಸಿ. ಹಾರಿದ ಹಕ್ಕಿಯ ಹಿಂದೆ ಓಡಲು ಬಿಡದೆ ನಿಲ್ಲಿಸುವುದು ಈ ವಿದ್ಯೆಯ ಕಠಿಣ ಭಾಗ. ಇದಕ್ಕೆ ಎರಡನೆಯ ವರ್ಷವೂ ಬೇಕಾಗಬಹುದು, ಏಕೆಂದರೆ ಸೆಟರ್ ತಡವಾಗಿ ಪಕ್ವವಾಗುವ ನಾಯಿ. ಬೇರೆ ತಳಿಯ ನೆರೆಮನೆಯ ನಾಯಿ ಒಂದು ವರ್ಷದಲ್ಲಿ ಕಲಿತದ್ದನ್ನು ನಿಮ್ಮದು ಎರಡು ವರ್ಷದಲ್ಲಿ ಕಲಿತರೆ ಅದರಲ್ಲಿ ಕುಂದೇನಿಲ್ಲ, ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ.

ಗುಂಡಿನ ಸದ್ದನ್ನು ಪರಿಚಯಿಸುವಾಗ ಆತುರಪಟ್ಟು ಹಾಳಾದ ಸೆಟರ್‌ಗಳು ಬಹಳ. ನಾಯಿ ಆಟದಲ್ಲೋ ಹಕ್ಕಿಯ ವಾಸನೆಯಲ್ಲೋ ಮೈಮರೆತಿರುವಾಗ, ನೂರು ಮೀಟರಿಗಿಂತ ದೂರದಿಂದ, ಇನ್ನೊಬ್ಬರು ಒಂದೇ ಒಂದು ಸಣ್ಣ ಸದ್ದು ಮಾಡಲಿ. ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ತೊಡಗಿದರೆ ಅಂದಿಗೆ ಅಷ್ಟೇ. ದಿನಗಳು ಕಳೆದಂತೆ ಹತ್ತು ಹತ್ತು ಮೀಟರ್ ಹತ್ತಿರ ಬನ್ನಿ. ಬಾಲ ತಗ್ಗಿಸಿ ನಿಮ್ಮ ಕಾಲ ಬಳಿ ಬಂದರೆ ಮತ್ತೆ ದೂರಕ್ಕೆ ಹೋಗಿ ಮೊದಲಿನಿಂದ ಆರಂಭಿಸಿ. ಅಂಜಿಕೆ ಬಿಡಿಸಲೆಂದು ಗುಂಡಿನ ಸ್ಪರ್ಧೆ ನಡೆಯುವಲ್ಲಿಗೆ ಮರಿಯನ್ನು ಕರೆದೊಯ್ಯುವುದು ಕ್ರೌರ್ಯ.

ಹಕ್ಕಿ ಬೇಟೆಗೆ ಎಲ್ಲ ದೇಶಗಳಲ್ಲೂ ಅನುಮತಿಯಿಲ್ಲ. ಅನುಮತಿಯಿರುವಲ್ಲೂ ಋತು, ಹಕ್ಕಿಯ ಜಾತಿ, ಪರವಾನಗಿಗಳ ಕಟ್ಟಳೆಗಳಿರುತ್ತವೆ. ಬಯಲಿಗಿಳಿಯುವ ಮೊದಲು ಅವನ್ನು ತಿಳಿದುಕೊಳ್ಳಿ. ಗೂಡುಕಟ್ಟುವ ಕಾಲದಲ್ಲಿ ಹಕ್ಕಿಗಳಿರುವ ಹುಲ್ಲುಗಾವಲಿಗೆ ನಾಯಿಯನ್ನು ಬಿಡಬಾರದು, ಬೇಟೆಯ ಉದ್ದೇಶವಿಲ್ಲದಿದ್ದರೂ ಬಿಡಬಾರದು. ಬೇಟೆ ಸಲ್ಲದ ಕಡೆಗಳಲ್ಲಿ ಸೆಟರ್‌ನ ಮೂಗಿಗೆ ಕೆಲಸವಿಲ್ಲವೆಂದೇನೂ ಅಲ್ಲ. ಹುಲ್ಲಿನಲ್ಲಿ ಅಡಗಿಸಿಟ್ಟ ಬಟ್ಟೆಯ ಗಂಟನ್ನು ಗಾಳಿಗೆದುರಾಗಿ ಹುಡುಕಿಸಿ, ಮನೆಯ ಮಕ್ಕಳನ್ನು ಮರದ ಮರೆಯಲ್ಲಿ ಅಡಗಿಸಿ ಪತ್ತೆಮಾಡಿಸಿ. ಹುಡುಕಿ ಬಂದ ಇಪ್ಪತ್ತು ನಿಮಿಷ, ಹಗ್ಗ ಹಿಡಿದು ನಡೆದ ಒಂದು ಗಂಟೆಗಿಂತ ಹೆಚ್ಚು ತೃಪ್ತಿ ಕೊಡುತ್ತದೆ.

ಆರನೆಯದು, ಕುಟುಂಬದ ನಡುವೆ

ಮಕ್ಕಳೊಂದಿಗೆ ಈ ನಾಯಿಯ ತಾಳ್ಮೆ ದೊಡ್ಡದು. ಆದರೂ ಇಪ್ಪತ್ತೈದು ಮೂವತ್ತು ಕಿಲೋ ತೂಗುವ, ಸಂತೋಷವಾದರೆ ಮೈಮರೆಯುವ ಯುವ ಸೆಟರ್ ನಡೆಯಲು ಕಲಿಯುತ್ತಿರುವ ಮಗುವನ್ನು ಬಾಲದಿಂದಲೇ ಬೀಳಿಸಬಲ್ಲದು. ದೊಡ್ಡವರು ಎದುರಿಗಿಲ್ಲದೆ ಚಿಕ್ಕ ಮಕ್ಕಳೊಡನೆ ಬಿಡಬೇಡಿ. ನಾಯಿ ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದೆಂಬುದನ್ನು ಮಕ್ಕಳಿಗೆ ಕಲಿಸಿ. ಮನೆಯಲ್ಲಿ ಕೋಳಿ, ಪಾರಿವಾಳ, ಪಂಜರದ ಹಕ್ಕಿಗಳಿದ್ದರೆ ಅವನ್ನು ಪ್ರತ್ಯೇಕವಾಗಿ ಭದ್ರಪಡಿಸಿ. ಶತಮಾನಗಳಿಂದ ಹಕ್ಕಿಗಾಗಿಯೇ ಆರಿಸಿದ ನಾಯಿಯಿಂದ ಬೇರೇನನ್ನೂ ನಿರೀಕ್ಷಿಸುವುದು ನ್ಯಾಯವಲ್ಲ. ಬೇಲಿ ಒಂದೂವರೆ ಮೀಟರಿಗಿಂತ ಎತ್ತರವಿರಲಿ, ಬುಡದಲ್ಲಿ ಸಂದಿಯಿರದಿರಲಿ. ಮನೆ ಕಾವಲಿಗೆ ಇದನ್ನು ನಂಬಬೇಡಿ, ಬಂದವರೆಲ್ಲರೂ ಇದಕ್ಕೆ ನೆಂಟರೇ.

ಏಳನೆಯದು, ರೋಮ, ಊಟ, ಆರೋಗ್ಯ

ವಾರಕ್ಕೆ ಎರಡು ಮೂರು ಸಲ ಬಾಚಬೇಕು. ಕಿವಿಯ ಹಿಂಬದಿ, ಕಂಕುಳು, ತೊಡೆಯ ಸಂದಿಗಳಲ್ಲಿ ರೋಮ ಬೇಗ ಗಂಟಾಗುತ್ತದೆ. ಜೋಲುಕಿವಿಯೊಳಗೆ ಗಾಳಿಯಾಡದೆ ತೇವ ನಿಲ್ಲುವುದರಿಂದ, ಈಜಿದ ಮೇಲೂ ಮಿಂದ ಮೇಲೂ ಒರೆಸಿ ಒಣಗಿಸಿ. ದುರ್ವಾಸನೆ ಬಂದರೆ, ತಲೆ ಕೊಡವುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ.

ಊಟ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಬೆಳೆದ ಮೇಲೆ ಎರಡು ಸಲ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ, ಕೈಗೆ ಸುಲಭವಾಗಿ ಸಿಗುವಂತಿದ್ದರೆ ತೂಕ ಸರಿಯಾಗಿದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಸಕ್ಕರೆಗೆ ಬದಲಾಗಿ ಬಳಸುವ ಕ್ಸೈಲಿಟಾಲ್ ನಾಯಿಗೆ ವಿಷ. ಎದೆಗೂಡು ಆಳವಾಗಿರುವ ಎಲ್ಲ ನಾಯಿಗಳಂತೆ ಸೆಟರ್‌ಗೂ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಉಂಡ ಮೇಲೆ ಎರಡು ಗಂಟೆ ಓಡಿಸಬೇಡಿ. ವಾಂತಿಗೆ ಯತ್ನಿಸಿದರೂ ಏನೂ ಬಾರದಿರುವುದು, ಹೊಟ್ಟೆ ಬಿಗಿಯಾಗುವುದು, ಜೊಲ್ಲು, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಕಂಡರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಇಲ್ಲಿ ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ. ನಡುವಯಸ್ಸಿನ ನಾಯಿ ಊಟ ಹೆಚ್ಚಿಸದಿದ್ದರೂ ದಪ್ಪಗಾಗುತ್ತ, ಮಂಕಾಗುತ್ತ, ರೋಮ ಉದುರಿಸುತ್ತಿದ್ದರೆ ಥೈರಾಯ್ಡ್ ಕೊರತೆಯಿರಬಹುದು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ದಿನನಿತ್ಯದ ಮಾತ್ರೆಯಿಂದ ಹತೋಟಿಗೆ ಬರುತ್ತದೆ.

ಬಿಸಿಲು ಏರಿದ ಮೇಲೆ ಓಡಿಸಬೇಡಿ. ಹಕ್ಕಿಯ ವಾಸನೆಯಲ್ಲಿರುವ ಸೆಟರ್ ತನಗೆ ಸುಸ್ತಾಗಿದೆಯೆಂದು ಹೇಳುವುದಿಲ್ಲ, ಕುಸಿದು ಬೀಳುವವರೆಗೂ ಓಡುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸುವುದು, ನಾಲಿಗೆ ಗಾಢ ಕೆಂಪಾಗಿ ಏದುಸಿರು ನಿಲ್ಲದಿದ್ದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದಿಗಳಿಗೆ ತಣ್ಣೀರು ಸುರಿದು ವೈದ್ಯರ ಬಳಿಗೆ ಒಯ್ಯುವುದು ನಿಮ್ಮ ಹೊಣೆ.

ಬಯಲಿನಿಂದ ಹಿಂದಿರುಗಿದ ಪ್ರತಿ ಸಂಜೆ, ನೀವು ಕೈಕಾಲು ತೊಳೆಯುವ ಮೊದಲೇ ನಾಯಿಯನ್ನು ಬೆಳಕಿನಲ್ಲಿ ಮಲಗಿಸಿ ಮೂಗಿನಿಂದ ಬಾಲದವರೆಗೆ ಬೆರಳಾಡಿಸಿ. ಬೆರಳುಗಳ ಸಂದಿಯಲ್ಲಿ, ಕಿವಿಯ ಬಾಯಲ್ಲಿ, ಕಣ್ಣಿನ ಅಂಚಿನಲ್ಲಿ ಹುಲ್ಲಿನ ಮುಳ್ಳುಬೀಜ ಸೇರಿದ್ದರೆ ಅಂದೇ ತೆಗೆಯಿರಿ, ಬಿಟ್ಟರೆ ಅದು ಚರ್ಮವನ್ನು ಕೊರೆದು ಒಳಹೋಗಿ ಕೀವಾಗುತ್ತದೆ. ಉಣ್ಣಿ ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಪಾದದ ಅಡಿ ಬಿರಿದಿದ್ದರೆ ತೊಳೆದು, ವಾಸಿಯಾಗುವವರೆಗೆ ಕಲ್ಲುನೆಲಕ್ಕೆ ಇಳಿಸಬೇಡಿ.